ತಿರುಗಲು ಬೇಕಾದ ಜಾಗ

ಬಿ.ಎಚ್. ರಸ್ತೆಯ ಅಂಗಡಿಯ ಗಾಜಿನೊಳಗೆ
ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ
ಮೂರು ತಿಂಗಳಿಂದ ನಿಂತಿದೆ, ಕೆಂಪಗೆ,
ದಿಬ್ಬಣ ತಪ್ಪಿಸಿಕೊಂಡ ಮದುಮಗನ ಹಾಗೆ.

ಹೋದೆ. ಬಲಮಂಡಿಯೊಳಗೆ
ಕಲ್ಲುಸಕ್ಕರೆ ಜಗಿದಂಥ ಸದ್ದು.
ಮೂವತ್ತೊಂದು ವರ್ಷ ಪೀಟಿ ಟೀಚರು,
ಮಂಡಿ ಎತ್ತು, ಎತ್ತು, ಇನ್ನೂ ಮೇಲೆ, ಎಂದು ಕೂಗಿದವಳು.
ಈಗ ಎರಡು ಮೆಟ್ಟಿಲಿಗೂ
ನನಗೆ ನಾನೇ ಸೀಟಿ ಊದಿಕೊಳ್ಳಬೇಕು.

"ಕೂತು ನೋಡಿ ಮೇಡಂ" ಅಂದ ಮುನೀರ.
ಕೂತೆ.
ಸೀಟು ಸೊಂಟ ಹಿಡಿಯಿತು, ಸ್ಟೇರಿಂಗು ಕೈಗೆ ಬಂತು,
ಮಂಡಿ ಬಾಯಿ ಮುಚ್ಚಿತು.
ಬೀಗದ ಕೈ ಇಲ್ಲ, ಪೆಟ್ರೋಲಿಲ್ಲ,
ಟೈಲ್ಸಿನ ಮೇಲೇ
ಗಾಜನೂರಿನ ತನಕ ಹೋಗಿ ಬಂದೆ.

"ಜಾಗ ಎಷ್ಟಿದೆ ಮೇಡಂ?"
"ಇದೆ, ಇದೆ ಸ್ವಲ್ಪ."
ವಯಸ್ಸು ಕೇಳಿದಾಗಲೂ
ಇದೇ ದನಿಯಲ್ಲಿ ಹೇಳಿದ್ದುಂಟು.

ಹುಡುಗ ಒಳ್ಳೆಯವನು, ಅಂಗಡಿಗೆ ಲಾಯಕ್ಕಿಲ್ಲ.
ಮೆಲ್ಲಗೆ ಅಂದ: "ಗೇಟು ಅಳೆದುಕೊಂಡು ಬನ್ನಿ.
ಇದು ಮೂರೂವರೆ ಅಡಿ ಅಗಲ.
ಪೂರ್ತಿ ತಿರುಗೋಕೆ ಹನ್ನೆರಡಡಿ ಸುತ್ತು ಬೇಕು."

ಮನೆಗೆ ಬಂದು ಟೇಪು ಹಿಡಿದೆ.
ಗೇಟು ಮೂರಡಿ ಎರಡಿಂಚು.
ಗೇಟು ಬಿಚ್ಚಿದರಾಯಿತು, ಅಂದುಕೊಂಡೆ,
ಮದುವೆ ನಿಶ್ಚಯವಾದವರು ಯೋಚಿಸುವ ಹಾಗೆ.

ಆಮೇಲೆ ಗೂಟ ಹೊಡೆದು, ಬಟ್ಟೆ ಹಗ್ಗ ಕಟ್ಟಿ,
ಆರಡಿಗೆ ಗಂಟು ಹಾಕಿ, ಸುಣ್ಣದ ಪುಡಿ ಉದುರಿಸುತ್ತ
ಕುಂಟಿಕೊಂಡೇ ಸುತ್ತಿದೆ.
ಕೈ ಮರೆತಿರಲಿಲ್ಲ. ಶಾಲೆಯ ಮೈದಾನದಲ್ಲಿ
ಗುಂಡು ಎಸೆತಕ್ಕೆ ಎಷ್ಟು ವೃತ್ತ ಬರೆದಿಲ್ಲ!
ಇದೂ ಮೊಟ್ಟೆಯಾಗಲಿಲ್ಲ, ದುಂಡಗೇ ಬಂತು.

ದುಂಡಗೆ ಬಂದು
ಕರಿಬೇವಿನ ಬುಡ ಸವರಿ, ಸಂಪಿನ ಮುಚ್ಚಳ ಹತ್ತಿ,
ನಮ್ಮ ಪಿಂಕಿ ನಾಯಿ ಮಲಗಿದ ಮಣ್ಣಿನ ಮೇಲೆ ಹಾದು
ಮತ್ತೆ ಗಂಟಿಗೇ ಸೇರಿತು.
ಇಡೀ ಹುಲ್ಲುಹಾಸು ಇಪ್ಪತ್ತೆರಡು, ಹದಿನಾರು.
ಒಂದೇ ಸುತ್ತಿಗೆ ಗಾಡಿಯ ಕೆಲಸ ಮುಗಿಯುತ್ತದೆ.
ಉಳಿಯುವುದು ನಾಲ್ಕು ಮೂಲೆ.
ಮೂಲೆಗೆ ಕತ್ತಿಯೇ ಬೇಕು, ಕತ್ತಿಗೆ ಮಂಡಿಯೇ ಬೇಕು.

ಕಾಂಪೌಂಡಿನಾಚೆ ಪದ್ಮಾಕ್ಷಿ:
"ಎಂಥ ಆಟ ಸೆವ್ರಿನ್ ಟೀಚರೇ?"
ಹೇಳಿದೆ. ರೇಟನ್ನೂ ಹೇಳಿದೆ.
"ಎರಡೂಮುಕ್ಕಾಲು ಲಕ್ಷವಾ!
ಮಂಡಿಯನ್ನೇ ಹೊಸದು ಹಾಕಿಸಬಹುದಲ್ರೀ.
ಇಲ್ಲ ಒಂದು ಕುರಿ ಕಟ್ಟಿ, ಗೊಬ್ಬರ ಬಿಟ್ಟಿ."

ಆ ರಾತ್ರಿ ಕುರಿಯ ಬಗ್ಗೆ ಯೋಚಿಸಿದೆ.
ಮಂಡಿಯ ಬಗ್ಗೆ ಯೋಚಿಸಲಿಲ್ಲ.
ಡಾಕ್ಟರರ ಚೀಟಿ ಬೈಬಲಿನೊಳಗೇ ಇದೆ,
ಕೀರ್ತನೆಗಳ ಹತ್ತಿರ.

ಸೋಮವಾರ ಮುನೀರನಿಗೆ ಅಂದೆ, ತಳ್ಳುವುದನ್ನೇ ಕೊಡು.
"ಮೋಟರಿರೋದು?"
ಮೋಟರಿರೋದು, ಸಣ್ಣದು, ಹಗುರದ್ದು.
ಅವನು ಬಿಲ್ಲು ಬರೆಯುವಷ್ಟು ಹೊತ್ತು
ಕೆಂಪು ಗಾಡಿಯ ಮೇಲೆ ಇನ್ನೊಮ್ಮೆ ಕೂತೆ.
ಜಿಎಸ್‌ಟಿ ನಂಬರು ಬೇಕಾ ಎಂದು ಕೇಳಿದ.
ಬೇಡ ಅಂದೆ, ನಿಧಾನ ಬರಿ ಅಂದೆ.

ಪುನರ್ವಸು ಮಳೆ ಎರಡು ದಿನ ಬಿಡುವು ಕೊಟ್ಟಿತು.
ಸುಣ್ಣ ಬಿದ್ದ ಕಡೆ ಹುಲ್ಲು ಸುಟ್ಟು
ಹಳದಿ ಬಳೆಯೊಂದು ಎದ್ದಿದೆ ಅಂಗಳದಲ್ಲಿ.
ಹೊಸ ಮೆಷಿನ್ನು ಗುರುಗುಟ್ಟುತ್ತ
ಅದನ್ನು ಹಾದು ಹೋಗುತ್ತದೆ, ಬರುತ್ತದೆ, ಅಳಿಸಲಾರದು.

ಪೇಪರಿನ ಹುಡುಗ ಕೇಳಿದ, ಇದೇನು ಟೀಚರ್?
ಗಾಡಿ ತಿರುಗಿದ ಗುರುತು, ಅಂದೆ.
ಯಾವ ಗಾಡಿ, ಎಂದು ಅವನು ಕೇಳಲಿಲ್ಲ.