ಪಿನ್ನು

ಮೊದಲ ವಾರ ಅವಳ ಕೈಗೆ ಬಂದದ್ದು ರೋಗಿಯಲ್ಲ, ಒಂದು ಕೋಳಿ.
ಪುಕ್ಕ ಕಿತ್ತದ್ದು, ತಣ್ಣಗಿನದು, ಪೇಪರಿನಲ್ಲಿ ಸುತ್ತಿದ್ದು.
"ಇದರ ಫಿಲ್ಮು ತೆಗೆ" ಎಂದಳು ಮಾಸೆಚಾಬಾ,
"ಬೇಗ. ರಾತ್ರಿ ಸಾರಿಗೆ ಬೇಕು ನನಗೆ."
ಒಂದನೆಯದು ಹಾಲು ಚೆಲ್ಲಿದ ಹಾಗೆ.
ಎರಡನೆಯದು ಬಾಣಲೆಯ ತಳ.
ಮೂರನೆಯದರಲ್ಲಿ ರೆಕ್ಕೆಯ ಸಂದಿನ ಹತ್ತಿರ
ಕೂದಲೆಳೆಯಷ್ಟು ಬಿರುಕು.
"ಕಟುಕ ಹಿಡಿದೆಳೆದದ್ದು. ಈಗ ಕಂಡಿತಲ್ಲ?
ಗಾಳಿ ಕಪ್ಪು, ನೀರು ಬೂದಿ, ಮೂಳೆ ಬಿಳಿ,
ಲೋಹ ಅದಕ್ಕಿಂತ ಬಿಳಿ.
ತಡೆದು ನಿಂತದ್ದು ಬೆಳ್ಳಗೆ, ದಾರಿ ಬಿಟ್ಟದ್ದು ಕಪ್ಪಗೆ.
ಇಷ್ಟೇ ಪಾಠ.
ಉಳಿದದ್ದು, ಮನುಷ್ಯರನ್ನು ನಿಲ್ಲಿಸುವುದು."

ಮೊಖೊಟ್ಲಾಂಗಿನಲ್ಲಿ ಜುಲೈ ಎಂದರೆ ಹಿಮ.
ಜನರೇಟರು ಕೆಮ್ಮುತ್ತದೆ,
ಬಾಗಿಲಾಚೆ ಸಾಲಿನಲ್ಲಿ ಮುದುಕರು ಕೆಮ್ಮುತ್ತಾರೆ,
ಬೇಲಿಗೆ ಕಟ್ಟಿದ ಕುದುರೆಗಳು ಮಾತ್ರ ಸುಮ್ಮನೆ ಹೊಗೆಯುಸಿರು ಬಿಡುತ್ತವೆ.
ಗಡಿಯಾಚೆಯ ಗಣಿಯಲ್ಲಿ ದುಡಿದವರು ಎಲ್ಲರೂ.
ಪರಿಹಾರದ ಅರ್ಜಿಗೆ ಎದೆಯ ಫಿಲ್ಮು ಲಗತ್ತಿಸಬೇಕು,
ಎರಡು ಪ್ರತಿ.

ಗದ್ದ ಮೇಲೆ. ಎದೆ ಹಲಗೆಗೆ ಒತ್ತಿ. ಕೈ ಸೊಂಟಕ್ಕೆ.
ಭುಜ ಮುಂದೆ, ಇನ್ನೂ ಮುಂದೆ,
ಹಲಗೆಯನ್ನು ಅಪ್ಪಿಕೊಳ್ಳುವವರ ಹಾಗೆ.
ಹಲಗೆ ಐಸಿನಂತೆ ಕೊರೆಯುತ್ತದೆಂದು ಮೊದಲೇ ಹೇಳಲು
ಕಲಿತಳು ಲಿಖಾಬಿಸೊ, ನಾಲ್ಕನೇ ದಿನ.
ಆಮೇಲೆ ಸೀಸದ ಗೋಡೆಯ ಹಿಂದಿನಿಂದ
"ಹೆಮಾ" ಎನ್ನುತ್ತಾಳೆ.

ಅವರ ಸೆಸೊಥೊದಲ್ಲಿ ಹಾಗೆಂದರೆ, ಉಸಿರಾಡು.
ನಾನು ಬರೆಯುವ ಈ ನುಡಿಯಲ್ಲಿ
ಆ ಒಂದಕ್ಷರವನ್ನು ಸ್ವಲ್ಪ ಎಳೆದರೆ ಸಾಕು, ಚಿನ್ನ.
ಅವಳಿಗೆ ಇದು ತಿಳಿಯದು.
ಮೂವತ್ತು ವರ್ಷ ನೆಲದಡಿಯಲ್ಲಿ
ಎರಡನ್ನೂ ಒಟ್ಟೊಟ್ಟಿಗೆ ಎಳೆದವರಿಗೂ.

ಆ ಬುಧವಾರ ಮೊಖೆಥಿ ಎಂಬಾತ ನಿಂತ.
ಬಿಚ್ಚಲೊಲ್ಲ ಕಂಬಳಿ; ಚಳಿ, ನಾಚಿಕೆ.
ಜಗ್ಗಾಡಿ ಕಂಬಳಿ ತೆಗೆಸಿದಳು. ಒಳಗಿನ ಅಂಗಿಗೂ
ಒಂದು ಪಿನ್ನು ಚುಚ್ಚಿದ್ದು ನೋಡಲಿಲ್ಲ.
ಉಸಿರೆಳೆದ, ಹಿಡಿದ, ಹಿಡಿಯಲಾರದೆ ಬಿಟ್ಟ.
ತೊಟ್ಟಿಯಿಂದೆತ್ತಿದ ಫಿಲ್ಮಿನಿಂದ ನೀರು ತೊಟ್ಟಿಕ್ಕುತ್ತಿತ್ತು:
ಎರಡೂ ಪುಪ್ಪುಸದ ಮೇಲ್ಭಾಗದಲ್ಲಿ ರಾಗಿ ಚೆಲ್ಲಿದಂತೆ ಕಾಳು ಕಾಳು,
ಹೃದಯದ ಮೇಲೆ ಅಡ್ಡಲಾಗಿ
ಕೋಣೆಯಲ್ಲೇ ಅತಿ ಬೆಳ್ಳಗಿನ ವಸ್ತುವಾಗಿ
ಆ ಪಿನ್ನು.

ಮತ್ತೆ ನಿಲ್ಲಿಸಿದಳು. ಪಕ್ಕೆಲುಬು ಹತ್ತು ಎಣಿಸಿದಳು.
ಸರಿಯಾಯಿತು. ಮುಖ ಮಾತ್ರ ಕೆಂಪಾಗಿತ್ತು,
ತನ್ನ ತಪ್ಪಿಗೆ ಅವನ ಮೈ ಎರಡು ಸಲ ಕಿರಣ ಕುಡಿದದ್ದಕ್ಕೆ.
"ಏನು ಕಂಡಿತು, ಮಗಳೇ?"
"ಡಾಕ್ಟರು ಹೇಳುತ್ತಾರೆ, ನ್ತಾತೆ."
ಇದೂ ಪಾಠವೇ. ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಕೂಡದು.
ಅವನು ನಕ್ಕ. "ಗೊತ್ತು ಬಿಡು. ಅಲ್ಲಿ ಹೊಳೆಯುತ್ತಿರುವುದು?"
ಅದನ್ನು ಹೇಳಬಹುದಿತ್ತು. ಹೇಳಿದಳು.
ಅವನು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ
ಬಹಳ ಹೊತ್ತು ನೋಡಿದ.
"ಅವಳದ್ದು. ಸಾಯುವ ವರ್ಷ ಗುಂಡಿ ಕಿತ್ತುಹೋಗಿ,
ಹೊಲಿಯಲು ಕೈಲಾಗದೆ ಇದನ್ನು ಚುಚ್ಚಿದಳು.
ಕೊಡುತ್ತೀಯಾ ನನಗೆ, ಈ ಕೆಟ್ಟದ್ದು?"

ಕೆಟ್ಟ ಫಿಲ್ಮು ಪೆಟ್ಟಿಗೆಗೆ. ನಿಯಮ.
ತಿಂಗಳಿಗೊಮ್ಮೆ ಬರುತ್ತಾನೆ ಬೆಳ್ಳಿಯವನು,
ತೂಕ ಹಾಕಿ ಒಯ್ಯುತ್ತಾನೆ, ಕರಗಿಸುತ್ತಾನೆ,
ಆಸ್ಪತ್ರೆಗೆ ಎರಡು ಚೀಲ ಕಲ್ಲಿದ್ದಲಿನಷ್ಟು ಹಣ.

ರಿಜಿಸ್ಟರಿನಲ್ಲಿ ಲಿಖಾಬಿಸೊ ಬರೆದಳು,
ತಿರಸ್ಕೃತ: ಹನ್ನೊಂದು.
ಹನ್ನೊಂದನೆಯದರ ಕಾರಣ: ಪಿನ್ನು.

ಶುಕ್ರವಾರ ಮಾಸೆಚಾಬಾ ಪೆಟ್ಟಿಗೆ ತೆರೆದು ಎಣಿಸಿದಳು.
ಹತ್ತು.
ಮತ್ತೆ ಎಣಿಸಿದಳು.
ಕಿಟಕಿಯಾಚೆ ಕುದುರೆಯೊಂದು
ಹಿಮದ ಮೇಲೆ ಹೆಜ್ಜೆ ಬದಲಿಸಿತು.
"ಆ ಕೋಳಿ" ಎಂದಳು, ತಲೆಯೆತ್ತದೆ,
"ಸಾರು ಚೆನ್ನಾಗಿತ್ತು. ನಿನಗೆ ಹೇಳಿರಲೇ ಇಲ್ಲ."
ಪೆಟ್ಟಿಗೆ ಮುಚ್ಚಿದಳು.
ಮುಂದಿನವರು ಆಗಲೇ ಒಳಗೆ ಬಂದಿದ್ದರು,
ಕಂಬಳಿ ಬಿಚ್ಚುತ್ತ.