ಕಾವು ಹಾಕುವವಳು

ಅರಸೀಕೆರೆ ಸ್ಟೇಷನ್ನಿನ ಹಿಂದೆ, ಗೂಡ್ಸ್ ಶೆಡ್ಡಿನ ಗೋಡೆಗೆ
ಒರಗಿಕೊಂಡು ನನ್ನ ತಗಡಿನ ಅಂಗಡಿ. ಬೋರ್ಡಿಲ್ಲ.
ಬರೀ ತಲೆ ಹಿಡಿದು ಬರುತ್ತಾರೆ ಜನ,
ಟವೆಲಿನಲ್ಲಿ ಸುತ್ತಿ, ಇಲ್ಲವೇ ಜೇಬು ಜೋತುಬೀಳುವ ಹಾಗೆ.
"ದೇವೀರಕ್ಕಾ, ಇದಕ್ಕೊಂದು ಕಾವು."

ಯಾರ ಸುತ್ತಿಗೆ ಅಂತ ಕೇಳುವುದಿಲ್ಲ ನಾನು.
ಮುರಿದ ತುಂಡಿನ ಮೇಲೆ ಬೆವರು ಬರೆದಿರುತ್ತದೆ.

ಮೋನಾಚಾರಿಯದು ಗೇಣುದ್ದ. ಅದರ ಮೇಲೆ ಮೂರೇ ಬೆರಳಿನ ಕಪ್ಪು.
ಮೂಗುಬೊಟ್ಟಿನ ಬೆನ್ನಿಗೆ ತಟ್ಟುವಾಗ ಉಸಿರೂ ಬಿಡುವುದಿಲ್ಲವಂತೆ.
ಕುಲುಮೆಯ ಸಮ್ಮಟಿಗೆಯಾದರೆ
ಬುಡದಲ್ಲಿ ಒಂದು ಕೈ ಕೂತು ಸವೆಸಿರುತ್ತದೆ,
ನಡುವೆ ಇನ್ನೊಂದು ಕೈ ಜಾರಿ ಜಾರಿ ಕನ್ನಡಿ ಮಾಡಿರುತ್ತದೆ.

ಜಲ್ಲಿ ಒಡೆಯುವ ಬೋರಕ್ಕನಿಗೆ ಬಳುಕುವ ಬಿದಿರೇ ಆಗಬೇಕು.
ಒಮ್ಮೆ ಗಟ್ಟಿಯಿರಲಿ ಅಂತ ಜಾಲಿ ಹಾಕಿಕೊಟ್ಟಿದ್ದೆ.
ಮೂರನೇ ದಿನ ಬಂದು ಮೊಣಕೈ ತೋರಿಸಿದಳು:
"ಪೆಟ್ಟು ಕಲ್ಲಿಗೆ ಹೋಗಲಿ ಅಂತ ಕಣೆ ನಾನು ಕೊಟ್ಟದ್ದು!"

ಹಳೇಬೀಡಿನ ಹುಡುಗನಿಗೆ ಹುಣಸೆ ಮರದ ಕೊಡತಿ.
ಬಳಪದ ಕಲ್ಲಿಗೆ ಕಬ್ಬಿಣ ಅಪ್ಪಣೆ ಮಾಡುತ್ತದೆ,
ಮರವಾದರೆ ಕೇಳಿಕೊಳ್ಳುತ್ತದೆ ಅಂತಾನೆ.
ಇನ್ನೂ ಮೀಸೆ ಬಂದಿಲ್ಲ, ಮಾತು ನೋಡಿ.

ಬಡಗಿಯದು ಎರಡು ಮುಖದ್ದು.
ಒಂದು ಕಡೆ ಮೊಳೆ ಹೊಡೆಯಲು, ಇನ್ನೊಂದು ಕಡೆ ಕೀಳಲು.
ತನ್ನ ತಪ್ಪನ್ನು ಮೊದಲೇ ಒಪ್ಪಿಕೊಂಡ ಸುತ್ತಿಗೆ ಅದೊಂದೇ.

ಆಸ್ಪತ್ರೆಯ ಕಾಂಪೌಂಡರ್ ತಂದದ್ದಕ್ಕೆ ರಬ್ಬರ್ ತಲೆ.
ಕೂರಿಸಿದ ಮೇಲೆ ನನ್ನ ಮೊಣಕಾಲಿಗೇ ತಟ್ಟಿ ನೋಡಿದೆ.
ಕಾಲು ನನ್ನನ್ನು ಕೇಳದೆ ಎದ್ದು
ಹರಳೆಣ್ಣೆ ಡಬ್ಬಿಯನ್ನು ಒದೆಯಿತು.

ಕಾವು ಮುರಿದರೆ ಕಾವೇ.
ಸಂಜೆ ತುಂಡುಗಳನ್ನೆಲ್ಲ ಹಂಡೆಯ ಒಲೆಗೆ ತುಂಬುತ್ತೇನೆ.
ಅಕ್ಕಸಾಲಿ, ಕಲ್ಲುಕುಟಿಗ, ಲಾಳ ಕಟ್ಟುವ ಬಾಷಾ,
ಎಲ್ಲರ ಬೆವರೂ ಒಂದೇ ಹೊಗೆಯಾಗಿ ಹೋಗುತ್ತದೆ,
ನಾನು ಅದರಲ್ಲಿ ಮೀಯುತ್ತೇನೆ.

ಒಂದು ತುಂಡು ಮಾತ್ರ ಇನ್ನೂ ಸೂರಿನಲ್ಲಿ ಸಿಕ್ಕಿಸಿದೆ.

ಏಳುಮಲೈದು. ರೈಲಿನ ಗಾಲಿ ತಟ್ಟುತ್ತಿದ್ದವನು.
ಪುಟ್ಟ ತಲೆ, ಸೊಂಟದವರೆಗೆ ಬರುವ ಉದ್ದ ಕಾವು.
ನಡುರಾತ್ರಿ ಮೈಲ್ ಗಾಡಿ ನಿಂತಾಗ ಲಾಟೀನು ಹಿಡಿದು
ಗಾಲಿಗೊಂದು ಟಣ್, ಗಾಲಿಗೊಂದು ಟಣ್.
ಮೇಲೆ ಮಲಗಿದವರಿಗೆ ಮಗ್ಗುಲು ಬದಲಿಸುವಷ್ಟೇ ಸದ್ದು.
ಮೂವತ್ತೊಂದು ವರ್ಷ ಸುತ್ತಿಗೆ ಹಿಡಿದು
ಕಿವಿಯಲ್ಲಿ ಸಂಬಳ ತಿಂದ ಮನುಷ್ಯ.

ರಿಟೈರಾದ ಮೇಲೆ ಬಂದ. "ಅಷ್ಟೇ ಉದ್ದ ಬೇಕು."
"ಇನ್ನು ಯಾವ ಗಾಡಿಗಪ್ಪಾ?" ಅಂದೆ.
ಉತ್ತರ ಕೊಡದೆ ನನ್ನ ಕಂಬಕ್ಕೆ ತಟ್ಟಿದ,
ನೀರಿನ ಕೊಡಕ್ಕೆ ತಟ್ಟಿದ, ಮೂಲೆಯ ಅಡಿಗಲ್ಲಿಗೆ ತಟ್ಟಿದ,
ಒಂದೊಂದಕ್ಕೂ ತಲೆ ಓರೆ ಮಾಡಿ.

ಸಕಲೇಶಪುರದ ಮುದಿ ಕಾಫಿ ಗಿಡದ ಕಾಂಡ ಇಟ್ಟಿದ್ದೆ,
ನೆಟ್ಟಗಿರುವುದು ಹತ್ತಕ್ಕೊಂದು ಸಿಕ್ಕರೆ ಪುಣ್ಯ.
ಹೆರೆದು, ಎಣ್ಣೆ ಕುಡಿಸಿ, ಬೆಣೆ ಹೊಡೆದು ಕೊಟ್ಟೆ.
ಕಾಸು ಎಣಿಸಿಟ್ಟು, ಎದುರಿನ ಸ್ಕೂಲಿಗೆ ನಡೆದ.

ಅಲ್ಲಿ ಬೇವಿನ ಕೊಂಬೆಗೆ ತೂಗುಹಾಕಿದ ಕಂಬಿಯ ತುಂಡೇ ಗಂಟೆ.
ನಾನು ಓದಿದ್ದೂ ಅದೇ ಗಂಟೆಗೆ, ನನ್ನ ಮಗಳೂ.
ಮೆಲ್ಲಗೆ ಒಂದು ತಟ್ಟಿದ. ಮತ್ತೊಂದು.
"ಇದು ಒಡೆದಿದೆ" ಅಂದ.

ಜವಾನ ಚೌಡಯ್ಯನಿಗೆ ಸಿಟ್ಟು:
"ನಲವತ್ತು ವರ್ಷದಿಂದ ಮಕ್ಕಳು ಇದಕ್ಕೇ ಓಡಿಬರ್ತಾ ಇದಾರೆ ಕಣಯ್ಯ!"

ಏಳುಮಲೈ ಕಂಬಿಯನ್ನು ಅಂಗೈಯಿಂದ ಸವರಿ
ಅದರ ನಡುಕ ನಿಲ್ಲಿಸಿದ.
"ಗಂಟೆಗೆ ಸಾಕು," ಅಂದ. "ಗಾಡಿಗೆ ಸಾಲದು."

ಅವತ್ತಿನಿಂದ ನನಗೊಂದು ಚಟ ಹತ್ತಿದೆ.
ಯಾವ ತಲೆ ಬಂದರೂ ಮೊದಲು ದಾರಕ್ಕೆ ಕಟ್ಟಿ
ಕಿವಿಯ ಹತ್ತಿರ ಹಿಡಿದು ಉಗುರಿನಲ್ಲಿ ತಟ್ಟುತ್ತೇನೆ.
ಗಿರಾಕಿ ಬೀಡಿ ಹಚ್ಚಿ ಕಾಯುತ್ತಾನೆ.
ಅಷ್ಟರಲ್ಲಿ ಎದುರಿನ ಸ್ಕೂಲು ಬಿಡುತ್ತದೆ,
ಆ ಒಡಕು ಸದ್ದಿನ ಬೆನ್ನಿಗೇ ಮಕ್ಕಳ ಗದ್ದಲ,
ಮತ್ತೆ ಮೊದಲಿಂದ ತಟ್ಟಬೇಕು.