ಹತ್ತೊಂಬತ್ತನೇ ತಿರುವು

ಹಾಸನೂರಿನ ಗೇಟು ತೆಗೆಯೋದು ಆರಕ್ಕೆ.
ಐದೂಮುಕ್ಕಾಲಿಗೇ ಎಲ್ಲರೂ ಎಂಜಿನ್ ಗುರುಗುಟ್ಟಿಸುತ್ತಾರೆ,
ನಾನೂ. ಬೆನ್ನ ಹಿಂದೆ ಎರಡು ಟನ್ ಕೋಸು,
ಒಂಬತ್ತಕ್ಕೆ ಮೇಟುಪಾಳ್ಯದ ಮಂಡಿಯಲ್ಲಿ ಹರಾಜು.

ದಿಂಬಂ ಘಾಟಿಯನ್ನು ಒಂದು ಕಾಲಕ್ಕೆ
ಇಪ್ಪತ್ತೆರಡು ನಿಮಿಷದಲ್ಲಿ ಇಳಿದವನು ನಾನು.
ತಾಳವಾಡಿ ಸ್ಟ್ಯಾಂಡಿನಲ್ಲಿ ಅದನ್ನು ಹೇಳದ ದಿನವಿಲ್ಲ.
ರಾಚಪ್ಪಣ್ಣ ಮಾತ್ರ ಎಲೆಗೆ ಸುಣ್ಣ ಸವರುತ್ತಾ ಕೇಳಿದ್ದ:
"ಮಿಗಿಸಿದ ನಿಮಿಷನೆಲ್ಲ ಎಲ್ಲಿ ಮಡಗಿದ್ದೀಯ್ಲಾ,
ತಗಿ ನೋಡವಾ."

ಬಣ್ಣಾರಿಯಲ್ಲಿ ಟೀ ಕುಡಿದಿರಬೇಕು.
ಒಂದಷ್ಟು, ಬ್ರೇಕು ಸುಟ್ಟ ವಾಸನೆಯ ಜೊತೆ ಹೋಗಿರಬೇಕು.

ಇವತ್ತು ಕಬ್ಬಿನ ಲಾರಿ ಅಡ್ಡ ಮಲಗಿದೆ.
ಮೇಲೂ ಕೆಳಗೂ ಹಾರನ್ನು, ಆಮೇಲೆ ಅದೂ ಇಲ್ಲ.
ಇಳಿದೆ.
ಹದಿನಾಲ್ಕು ವರ್ಷ ದಾಟಿದ ಜಾಗದಲ್ಲಿ
ಮೊದಲ ಸಲ ಕಾಲೂರಿದೆ.
ಬಂಡೆಯ ಸಂದಿನಿಂದ ಬೆರಳು ಗಾತ್ರದ ನೀರು.
ಯಾರೋ ಅದಕ್ಕೊಂದು ಬಿದಿರ ದಬ್ಬೆ ಕೊಟ್ಟಿದ್ದಾರೆ,
ಪಾಚಿ ಕಟ್ಟಿದೆ, ಹಳೇದು.
ಬೊಗಸೆಯೊಡ್ಡಿ ಕುಡಿದೆ, ಹಲ್ಲು ಜುಮ್ಮೆಂದಿತು.
ಕಬ್ಬಿನ ಡ್ರೈವರು ಒಂದು ಜಲ್ಲೆ ಮುರಿದು ಕೊಟ್ಟ,
ತಪ್ಪು ತನ್ನದೇ ಎಂಬಂತೆ.

ಮಂಡಿಯಿಂದ ಮೂರನೇ ಸಲ ಫೋನು.
"ಎಂಗಪ್ಪಾ ಇರುಕ್ಕೆ?"
ಬಾಯಲ್ಲಿ ಕಬ್ಬು. ತಲೆಯೆತ್ತಿ
ಬೋರ್ಡಿನಲ್ಲಿದ್ದುದನ್ನು ಓದಿ ಹೇಳಿದೆ,
ಊರಿನ ಹೆಸರು ಹೇಳುವ ಹಾಗೆ:
ಹತ್ತೊಂಬತ್ತು ಬಾರ್ ಇಪ್ಪತ್ತೇಳು.